ಸೈನ್ ಹಾಕುವ ಮುಂಚೆ ಇದನ್ನು ಓದು, ಪುಟ್ಟಿ

ಪುಟ್ಟಿ,

ನಿನ್ನೆ ಫೋನಿನಲ್ಲಿ ನನ್ನ ಕೂಗಾಟ ಸ್ವಲ್ಪ ಜಾಸ್ತಿಯೇ ಆಯಿತು, ಬೇಜಾರು ಮಾಡಿಕೊಳ್ಳಬೇಡ. ಡೈವೋರ್ಸ್ ಅಂದಿದ್ದಕ್ಕೆ ಕೂಗಿದ್ದಲ್ಲ. ಇಪ್ಪತ್ತನಾಲ್ಕು ವರ್ಷ ಹೇಗೆ ಕಳೆದೆ ಅನ್ನೋದು ನಿನಗೂ ಗೊತ್ತು, ನನಗೂ ಗೊತ್ತು, ಅದನ್ನು ಕೆದಕುವುದು ಬೇಡ. ನನಗೆ ಸಿಟ್ಟು ಬಂದಿದ್ದು ನೀನು "ನನಗೇನೂ ಬೇಡಮ್ಮ, ಅವರು ಕಳಿಸಿದ ಪೇಪರಿಗೆ ಸೈನ್ ಹಾಕಿ ಮುಗಿಸ್ತೀನಿ" ಅಂದಿದ್ದಕ್ಕೆ.

ಈ ಮಾತನ್ನು ನೀನು ಇನ್ನೊಂದು ಸಲ ಆಡಿದ್ದೆ, ನೆನಪಿದೆಯಾ? ಅಪ್ಪ ಹೋದ ಮೇಲೆ, ತೋಟ ಅಣ್ಣನ ಹೆಸರಿಗೆ ಮಾಡುವಾಗ. 2005ರಲ್ಲೇ ಕಾನೂನು ತಿದ್ದುಪಡಿಯಾಗಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಬಂದಿತ್ತು. ನೀನು ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಗು ನಿನ್ನ ಸೊಂಟದ ಮೇಲೆ ನಿದ್ದೆ ಹೋಗಿತ್ತು. ಹೆಬ್ಬೆಟ್ಟು ಒತ್ತಲು ಅವನನ್ನು ನನ್ನ ಕೈಗೆ ಕೊಟ್ಟೆ. ಆಮೇಲೆ ಆ ಶಾಯಿ ಒರೆಸಲು ಬಟ್ಟೆ ಸಿಗದೆ ಮಗುವಿನ ಟೋಪಿಗೇ ಒರೆಸಿದೆ. ಹೊರಗೆ ಬಂದಾಗ ಅಣ್ಣ ಒಂದು ಸೀರೆ ಕೊಟ್ಟ, ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದ. ನೆಂಟರೆಲ್ಲ "ಎಂಥಾ ಮಗಳನ್ನು ಹೆತ್ತಿದ್ದೀಯ" ಅಂದರು. ನಾನೂ ಹಿಗ್ಗಿದ್ದೆ. ಆ ಸೀರೆಯ ಬಣ್ಣ ಕೂಡ ನೆನಪಿದೆ, ಹಸಿರಿಗೆ ಕೆಂಪು ಅಂಚು. ಒಂದು ತೊಳೆತಕ್ಕೇ ಬಣ್ಣ ಬಿಟ್ಟಿತು ಅಂತ ನೀನೇ ನಗುತ್ತಾ ಹೇಳಿದ್ದೆ. ನಿನ್ನೆ ರಾತ್ರಿಯೆಲ್ಲಾ ಅದೇ ಟೋಪಿ, ಅದೇ ಸೀರೆ, ಅದೇ ಹೆಬ್ಬೆಟ್ಟು ಕಣ್ಣ ಮುಂದೆ.

ಈಗ ನೀನು ಊರಿಗೆ ಬಂದರೆ ಅಣ್ಣ ಬೇಡ ಅನ್ನುವುದಿಲ್ಲ. ಅತ್ತಿಗೆಯೂ ಒಳ್ಳೆಯವಳೇ. ಆದರೆ ನಾಲ್ಕು ದಿನ ಇರು ಅನ್ನುವವರು ನಾಲ್ಕು ವರ್ಷ ಇರು ಅನ್ನುತ್ತಾರಾ? ನಾನಿರುವ ತನಕ ಸರಿ. ಆಮೇಲೆ?

ಬೆಳಿಗ್ಗೆ ಆಚೆಮನೆ ಸೊಸೆಯ ಹತ್ತಿರ ಕೂತು ಎಲ್ಲಾ ಕೇಳಿದೆ, ಅವಳು ವಕೀಲೆ ಅಲ್ವಾ. ನಿನ್ನ ಹೆಸರು ಹೇಳಲಿಲ್ಲ, ಅವಳಿಗೆ ಗೊತ್ತಾಗಿರುತ್ತೆ ಬಿಡು. ಫ್ಲಾಟು ಅವರ ಹೆಸರಿನಲ್ಲಿದೆ, ಅದಕ್ಕೆ ಅವರದೇ ಅಂತೀಯ. ನಿಜ, ಗೋವಾದಲ್ಲಾದರೆ ಮದುವೆಗೆ ಮುಂಚೆ ಬೇರೆ ಕರಾರು ಆಗಿಲ್ಲದಿದ್ದರೆ ಗಂಡ ಹೆಂಡತಿಗೆ ಅರ್ಧರ್ಧವಂತೆ, ನಮ್ಮಲ್ಲಿ ಹಾಗಿಲ್ಲ. ಅದಕ್ಕೇ ಜೀವನಾಂಶದಲ್ಲಿ ಬಾಯಿಬಿಟ್ಟು ಕೇಳಬೇಕು. 1955ರ ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಇರುವುದೇ ಅದಕ್ಕೆ. ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲ ಎಲ್ಲಾ ಅಫಿಡವಿಟ್‌ನಲ್ಲಿ ತೋರಿಸಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ನಿಮ್ಮದು ಇಬ್ಬರೂ ಒಪ್ಪಿ ಹಾಕುವ ಅರ್ಜಿ, ಆದರೂ ಲೆಕ್ಕ ಕೇಳು. ಲೆಕ್ಚರರ್ ಕೆಲಸ ಬಿಟ್ಟು, ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಒಗೆದು, ಮಗನನ್ನು ಇಂಜಿನಿಯರಿಂಗ್ ತನಕ ತಂದವಳು ನೀನು. ಅವರು ಆಫೀಸಿಗೆ ನಿಶ್ಚಿಂತೆಯಿಂದ ಹೋಗಿದ್ದು ಯಾರ ದೆಸೆಯಿಂದ? ಆ ಫ್ಲಾಟಿನ ಕಂತು ಬರೀ ಅವರ ಸಂಬಳದಿಂದ ಕಟ್ಟಿದ್ದಾ?

ನಾವು ಮದುವೆಯಲ್ಲಿ ಹಾಕಿದ ಒಡವೆ ಸ್ತ್ರೀಧನ, ಅದು ನಿನ್ನದೇ, ಲಾಕರ್ ಯಾರ ಹೆಸರಿನಲ್ಲಾದರೂ ಇರಲಿ. ಪೇಪರಿನಲ್ಲಿ "ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ" ಅನ್ನುವ ಸಾಲು ಇದ್ದೇ ಇರುತ್ತದೆ, ಅದರ ಮೇಲಿನ ಸಾಲಿನಲ್ಲಿ ಎಷ್ಟು, ಯಾವಾಗ ಅಂತ ಬರೆದಿದೆಯಾ ನೋಡು. ತಿಂಗಳು ತಿಂಗಳು ಕೊಡ್ತೀನಿ ಅಂದರೆ ನಂಬಬೇಡ, ಒಂದೇ ಸಲ ಕೇಳು. ಅರ್ಜಿ ಹಾಕಿದ ಮೇಲೂ ಡಿಕ್ರಿ, ಅಂದರೆ ಕೋರ್ಟಿನ ಕೊನೆಯ ಆದೇಶ, ಆಗುವ ತನಕ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದಂತೆ, ಹೆದರಬೇಡ. ಅವರ ಕಂಪನಿಯ ಇನ್ಶೂರೆನ್ಸ್‌ನಲ್ಲಿ ಇನ್ನು ನಿನ್ನ ಹೆಸರು ಇರುವುದಿಲ್ಲ, ಬೇರೆ ಮಾಡಿಸಬೇಕು. ಬಿಪಿ ಮಾತ್ರೆ ಬಿಡಬೇಡ. ವಕೀಲರ ಫೀಸಿಗೆ ಯೋಚನೆಯಾದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ.

ನೋಡು, ಪಾಠ ಶುರು ಮಾಡಿಬಿಟ್ಟೆ. ಬುದ್ಧಿ ಹೇಳಲ್ಲ ಅಂದುಕೊಂಡೇ ಬರೆಯಲು ಕೂತಿದ್ದು.

ದುಡ್ಡು ಕೇಳಿದರೆ ಸಣ್ಣವಳಾಗ್ತೀನಿ ಅಂತ ನಿನಗೆ ಅನ್ನಿಸುತ್ತಿದೆ. ಆ ಬಿಗುಮಾನ ನನ್ನಿಂದಲೇ ಬಂದಿದ್ದು, ನಿನ್ನನ್ನು ಬೈದು ಏನು ಪ್ರಯೋಜನ. ಭಾನುವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ಅಷ್ಟರೊಳಗೆ ಆ ಪೇಪರಿನ ಎಲ್ಲಾ ಹಾಳೆಯ ಫೋಟೋ ವಾಟ್ಸಾಪಿಗೆ ಹಾಕು, ಕೊನೆಯ ಹಾಳೆ ಒಂದನ್ನೇ ಅಲ್ಲ. ಅಣ್ಣನಿಗೆ ನಾನೇ ಹೇಳುತ್ತೇನೆ.

ಅಮ್ಮ