ಇಪ್ಪತ್ತೊಂದನೇ ನಂಬರಿನವನಿಗೂ ಒಂದು ಋಣ

ಶನಿವಾರ ಅಪ್ಪನ ಎರಡನೇ ವರ್ಷದ ತಿಥಿ. ಹೋದ ವರ್ಷವೇ ಇದನ್ನು ಬರೆಯಲು ಕೂತಿದ್ದೆ, ಮೂರು ಸಾಲಾದ ಮೇಲೆ ಎದ್ದುಬಿಟ್ಟೆ. ಈ ಸಲ ಯಾರಿಗೆಲ್ಲ ಥ್ಯಾಂಕ್ಸ್ ಹೇಳಬೇಕು ಅಂತ ಪಟ್ಟಿ ಹಾಕಿಕೊಂಡು ಕೂತಿದ್ದೇನೆ. ಹೆಚ್ಚಿನವರು ಟೊರೊಂಟೊದಲ್ಲೇ ಇದ್ದೀರಿ. ಒಬ್ಬ ಮಾತ್ರ ನಮ್ಮ ಮನೆಗೆ ಯಾವತ್ತೂ ಬಂದವನಲ್ಲ, ಅಪ್ಪ ಅಂತ ಒಬ್ಬರಿದ್ದರು ಅನ್ನೋದೂ ಅವನಿಗೆ ಗೊತ್ತಿರಲಿಲ್ಲ, ಅಪ್ಪನಿಗಿಂತ ಒಂಬತ್ತು ತಿಂಗಳು ಮೊದಲೇ ತೀರಿಕೊಂಡ. ಇಪ್ಪತ್ತೊಂದನೇ ನಂಬರಿನ ಜೆರ್ಸಿಯ ಐಸ್ ಹಾಕಿ ಆಟಗಾರ ಬೋರ್ಯೆ ಸಾಲ್ಮಿಂಗ್. ಅವನಿಂದಲೇ ಶುರು ಮಾಡುತ್ತೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಪಂಕ್ತಿಯಲ್ಲಿ ಅಪ್ಪನೂ ಅವನಿಗೇ ಮೊದಲ ಎಲೆ ಹಾಕಿಸುತ್ತಿದ್ದರು.

ಅಪ್ಪ ಕೆಜಿಎಫ್‌ನವರು. ತಾತ ಚಾಂಪಿಯನ್ ರೀಫ್ ಗಣಿಗೆ ಇಳಿಯುತ್ತಿದ್ದವರು. 1974ರ ಜನವರಿಯಲ್ಲಿ ಅಪ್ಪ ಇಲ್ಲಿ ಬಂದಿಳಿದಾಗ ಕೈಯಲ್ಲಿದ್ದದ್ದು ಫಿಟ್ಟರ್ ಸರ್ಟಿಫಿಕೇಟು, ಮೈಮೇಲಿದ್ದದ್ದು ಬೆಂಗಳೂರಿನ ಚಳಿಗೆ ಹೆಣೆಸಿದ ಸ್ವೆಟರು. ಕಾರ್ಖಾನೆಯ ಊಟದ ಕೋಣೆಯಲ್ಲಿ ಮಾತೆಲ್ಲ ಒಂದೇ: ಟೊರೊಂಟೊದ ಹಾಕಿ ತಂಡ ಮೇಪಲ್ ಲೀಫ್ಸ್‌ಗೆ ಸ್ವೀಡನ್‌ನಿಂದ ಬಂದಿದ್ದ ಇಬ್ಬರು ಹುಡುಗರು. ತಂಡಕ್ಕೆ ಆಟಗಾರರನ್ನು ಹುಡುಕುತ್ತಿದ್ದ ಜೆರ್ರಿ ಮ್ಯಾಕ್‌ನಮಾರಾ ಅನ್ನುವವರು ಒಬ್ಬ ಗೋಲಿಯನ್ನು, ಅಂದರೆ ಗೋಲ್‌ಕೀಪರನ್ನು, ನೋಡಲೆಂದು ಸ್ವೀಡನ್‌ಗೆ ಹೋಗಿ, ಯೆವ್ಲೆ ಊರಿನ ಬ್ರೂನೆಸ್ ತಂಡದಲ್ಲಿ ಇವರಿಬ್ಬರನ್ನು ಕಂಡು, ಗೋಲಿಯನ್ನು ಬಿಟ್ಟು ಇವರನ್ನು ಹಿಡಿದುಕೊಂಡು ಬಂದಿದ್ದರು. ಇಂಗೆ ಹಮ್ಮರ್‌ಸ್ಟ್ರೋಮ್ ಗೋಲು ಹೊಡೆಯುವವನು. ಸಾಲ್ಮಿಂಗ್ ಡಿಫೆನ್ಸ್‌ಮನ್. ಅಪ್ಪನ ಭಾಷೆಯಲ್ಲಿ ಬಾಗಿಲು ಕಾಯೋನು.

ಐಸ್ ಹಾಕಿ ನೋಡದವರಿಗೆ ಒಂದು ಮಾತು. ಕಡೆಗೆ ಆರು ಜನ: ಮೂವರು ಮುಂದೆ, ಇಬ್ಬರು ಡಿಫೆನ್ಸ್‌ಮನ್, ಒಬ್ಬ ಗೋಲಿ. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ, ತೂಕ ಸುಮಾರು 170 ಗ್ರಾಂ. ಅದು ಗೋಲಿಗೆ ತಲುಪುವ ಮೊದಲೇ ಡಿಫೆನ್ಸ್‌ಮನ್ ತನ್ನ ಮೈಯನ್ನೇ ಅಡ್ಡ ಹಾಕಬೇಕು. ಸಾಲ್ಮಿಂಗ್ ಅದನ್ನು ಮಂಡಿಯೂರಿ ಬಿದ್ದೂ ಮಾಡುತ್ತಿದ್ದ, ಎದ್ದ ಮರುಕ್ಷಣ ಅದೇ ಬಿಲ್ಲೆ ತೆಗೆದುಕೊಂಡು ಎದುರಾಳಿಯ ಕಡೆ ಓಡಿಯೂ ಬಿಡುತ್ತಿದ್ದ. ಕಾವಲುಗಾರನೇ ದಾಳಿಗೂ ಹೋಗಿಬಿಟ್ಟರೆ ಹೇಗೆ ಅಂತ ನಾನು ಚಿಕ್ಕವಳಿದ್ದಾಗ ಕೇಳಿದ್ದೆ. "ವಾಪಸ್ ಬರಕ್ಕೆ ಕಾಲು ಇರೋನು ಹೋಗಬೌದು" ಅಂದಿದ್ದರು. ಲೀಫ್ಸ್ ಪರವಾಗಿ ಅವನು ಜೊತೆಗಾರರಿಗೆ ಪಾಸ್ ಕೊಟ್ಟು ಒದಗಿಸಿದ ಗೋಲುಗಳು 620. ಕ್ಲಬ್ಬಿನ ದಾಖಲೆ ಅದು, ಮಾಡಿದವನು ಬಾಗಿಲು ಕಾಯೋನು.

ಆದರೆ ಅಪ್ಪ ಅವನ ಅಭಿಮಾನಿಯಾದದ್ದು ಆಟಕ್ಕಲ್ಲ, ಬೈಗುಳಕ್ಕೆ. ಯುರೋಪಿನವರು ಮೆತ್ತಗಿನವರು ಅಂತ ಆಗಿನ ಉತ್ತರ ಅಮೆರಿಕದವರಿಗೆ ಖಾತ್ರಿಯಾಗಿತ್ತು. 'ಚಿಕನ್ ಸ್ವೀಡ್' ಅಂತ ಕೂಗೋರು, ಕೋಲಿನಿಂದ ತಿವಿಯೋರು. ಅವನ ಎರಡನೇ ಪಂದ್ಯವೇ ಫಿಲಡೆಲ್ಫಿಯಾದಲ್ಲಿ, ಹೊಡೆದಾಟಕ್ಕೇ ಹೆಸರಾದ ತಂಡದ ಎದುರು. ಅವನು ಬಾಯಲ್ಲಿ ಜವಾಬು ಕೊಡಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಅದೇ ವರ್ಷಗಳಲ್ಲಿ ಬಸ್‌ಸ್ಟಾಪಿನಲ್ಲಿ ಅಪ್ಪನಿಗೆ ಸಿಗುತ್ತಿದ್ದ ಬಿರುದು 'ಪಾಕಿ'. ಕೋಲಾರ ಎಲ್ಲಿದೆ ಅಂತ ಭೂಗೋಳ ಕಲಿಸಲು ಅಪ್ಪ ನಿಲ್ಲುತ್ತಿರಲಿಲ್ಲ. ಮರುದಿನವೂ ಅದೇ ಸ್ಟಾಪಿಗೆ ಹೋಗುತ್ತಿದ್ದರು, ಅಷ್ಟೇ.

ದೇಶಗಳ ನಡುವಿನ 1976ರ ಕೆನಡಾ ಕಪ್ ಪಂದ್ಯಕ್ಕೆ ಕಾರ್ಖಾನೆಯ ಗೆಳೆಯನೊಬ್ಬ ಲೀಫ್ಸ್‌ನ ಆಗಿನ ಕ್ರೀಡಾಂಗಣ ಮೇಪಲ್ ಲೀಫ್ ಗಾರ್ಡನ್ಸ್‌ನ ಟಿಕೆಟ್ ಕೊಟ್ಟಿದ್ದ. ಎಲ್ಲಕ್ಕಿಂತ ಮೇಲಿನ, ಬೂದು ಬಣ್ಣದ ಸೀಟು. ಸಾಲ್ಮಿಂಗ್ ಅಂದು ಸ್ವೀಡನ್ ಜೆರ್ಸಿಯಲ್ಲಿದ್ದ. ಅವನ ಹೆಸರು ಕರೆದಾಗ ಟೊರೊಂಟೊದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಿಲ್ಲಿಸಲೇ ಇಲ್ಲ. ಈ ಕಥೆಯನ್ನು ನಾವು ಅಕ್ಕತಂಗಿಯರು ಕನಿಷ್ಠ ಇನ್ನೂರು ಸಲ ಕೇಳಿದ್ದೇವೆ, ಒಂದೊಂದು ಸಲವೂ ಚಪ್ಪಾಳೆ ಒಂದೊಂದು ನಿಮಿಷ ಜಾಸ್ತಿ.

ಅವನು ಹುಟ್ಟಿದ್ದು ಸ್ವೀಡನ್‌ನ ಉತ್ತರದ ತುದಿಯಲ್ಲಿ, ಕಿರುನಾ ಹತ್ತಿರದ ಹಳ್ಳಿಯಲ್ಲಿ. ತಂದೆಯ ಕಡೆಯವರು ಸಾಮಿ ಜನ, ಆ ಉತ್ತರದ ಮೂಲನಿವಾಸಿಗಳು. ಕಿರುನಾ ಅಂದರೆ ಕಬ್ಬಿಣದ ಗಣಿ. ಐದು ವರ್ಷದವನಿದ್ದಾಗ ತಂದೆ ಅದೇ ಗಣಿಯ ಅಪಘಾತದಲ್ಲಿ ಸತ್ತರು. ಅಪ್ಪ ಇದನ್ನು ಪೇಪರಿನಲ್ಲಿ ಓದಿದ್ದು ತುಂಬಾ ತಡವಾಗಿ. ನೆಲದಡಿ ಬಂಡೆ ಸಿಡಿಯುವುದಕ್ಕೆ ಕೆಜಿಎಫ್‌ನಲ್ಲಿ 'ಏರ್‌ಬ್ಲಾಸ್ಟ್' ಅನ್ನುತ್ತಿದ್ದರಂತೆ. ಅದಾದಾಗ ಪಾತ್ರೆಗಳು ನಡುಗಿ, ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರಂತೆ. ಓದಿದ ದಿನ ಅಪ್ಪ ಇಷ್ಟು ಹೇಳಿ ಪೇಪರ್ ಮಡಿಸಿಟ್ಟರು. ಮತ್ತೆ ಆ ಮಾತು ಎತ್ತಲಿಲ್ಲ.

ಅವನೇನು ದೇವರಲ್ಲ. 1986ರಲ್ಲಿ ಕೊಕೇನ್ ಸೇವಿಸಿದ್ದನ್ನು ತಾನೇ ಒಪ್ಪಿಕೊಂಡು ಎಂಟು ಪಂದ್ಯ ಅಮಾನತಾದ. ನಮ್ಮ ಮನೆ ಗೋಡೆಯ ಮೇಲಿದ್ದ ಅವನ ಪಟ ಇಳಿಯಿತು. ಅದೇ ನವೆಂಬರಿನಲ್ಲಿ ಡೆಟ್ರಾಯಿಟ್‌ನಲ್ಲಿ ಅವನು ಬಿದ್ದಾಗ ಎದುರಾಳಿಯ ಸ್ಕೇಟಿನ ಅಲಗು ಮುಖಕ್ಕೆ ತಾಗಿ, ಇನ್ನೂರಕ್ಕೂ ಹೆಚ್ಚು ಹೊಲಿಗೆ ಬಿತ್ತು. ಪಟ ವಾಪಸ್ ಏರಿತು. ಹದಿನಾರು ಸೀಸನ್ ಟೊರೊಂಟೊದಲ್ಲಿ ಆಡಿದ, ಒಂದೇ ಒಂದು ಸ್ಟ್ಯಾನ್ಲಿ ಕಪ್ ಇಲ್ಲ. ಆರ್‌ಸಿಬಿ ಹದಿನೆಂಟು ವರ್ಷ ಕಾಯಿಸಿತು ಅಂತ ಗೋಳಾಡಿದವರು ನಮ್ಮೂರಿಗೆ ಬನ್ನಿ, ಇಲ್ಲಿ 1967ರಿಂದ 'ಈ ಸಲ ಕಪ್ ನಮ್ದೇ'. 1996ರಲ್ಲಿ ಅವನು ಹಾಕಿ ಹಾಲ್ ಆಫ್ ಫೇಮ್ ಸೇರಿದ, ಸ್ವೀಡನ್‌ನವರಲ್ಲಿ ಅವನೇ ಮೊದಲಿಗ. ಅಪ್ಪ ಅವತ್ತು ಕಾರ್ಖಾನೆಗೆ ಮೈಸೂರು ಪಾಕ್ ಮಾಡಿಸಿಕೊಂಡು ಹೋಗಿದ್ದರು.

ಇನ್ನು ಅಪ್ಪನ ಕಾಯಿಲೆಯ ಕಥೆ. ಮೊದಲು ಸೋತದ್ದು ಶರ್ಟಿನ ಗುಂಡಿ ಹಾಕುವ ಬೆರಳು. ಕುತ್ತಿಗೆಯ ನರ ಅಂತ ಒಂದು ಕಡೆ ಏಳು ತಿಂಗಳು ಕಳೆದರು. 2022ರ ಏಪ್ರಿಲ್‌ನಲ್ಲಿ ಎಎಲ್‌ಎಸ್ ಅಂತ ತಿಳಿಯಿತು. ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ, ಕಾಲು, ಮಾತು, ನುಂಗುವುದು, ಕೊನೆಗೆ ಉಸಿರು. ಅಪ್ಪನ ತಲೆ ಮಾತ್ರ ಕೊನೆತನಕ ಚುರುಕಾಗಿತ್ತು, ಅದೇ ಕಷ್ಟ. ಅಪ್ಪ ಬಾಗಿಲು ಹಾಕಿಕೊಂಡರು. ಯಾರೂ ನೋಡಕ್ಕೆ ಬರಬಾರದು, ಫೋನಿಲ್ಲ, ವಿಡಿಯೋ ಕಾಲ್ ಇಲ್ಲ. ಜೊಲ್ಲು ಸುರಿಸಿಕೊಂಡು ಕೂತಿರೋದನ್ನ ಊರಿಗೆಲ್ಲ ತೋರಿಸಬೇಕಾ ಅಂತ ಕೂಗಾಡಿದ್ದರು, ಕೂಗಲು ಆಗುತ್ತಿದ್ದಾಗ.

ಆಗಸ್ಟ್ 10ಕ್ಕೆ ಸುದ್ದಿ ಬಂತು, ಸಾಲ್ಮಿಂಗ್‌ಗೂ ಎಎಲ್‌ಎಸ್. ಟಿವಿ ಆರಿಸಲು ಹೋದೆ. ಬೇಡ ಅಂತ ಕಣ್ಣು ಮಾಡಿದರು.

ನವೆಂಬರ್ ಹೊತ್ತಿಗೆ ಅವನಿಗೆ ಮಾತು ಹೋಗಿತ್ತು. ಆದರೂ ಸ್ವೀಡನ್‌ನಿಂದ ವಿಮಾನ ಹತ್ತಿ ಬಂದ. 11 ಮತ್ತು 12, ಎರಡು ಸಂಜೆ, ಟೊರೊಂಟೊದ ಅರೀನಾದಲ್ಲಿ ಅಷ್ಟು ಸಾವಿರ ಜನರ ಮುಂದೆ ನಿಂತ. ತನ್ನ ಕೈ ಎತ್ತಿ ಬೀಸಲು ಅವನಿಂದ ಆಗಲಿಲ್ಲ. ಹಳೆಯ ನಾಯಕ ಡ್ಯಾರಿಲ್ ಸಿಟ್ಲರ್ ಪಕ್ಕದಲ್ಲಿ ಅಳುತ್ತಾ ಆ ಕೈಯನ್ನು ಹಿಡಿದು ಮೇಲಕ್ಕೆತ್ತಿದರು. ಶನಿವಾರ ಲೀಫ್ಸ್ ಆಟಕ್ಕೆ ಇಳಿಸಿದ ಮೊದಲ ಆರೂ ಜನ ಸ್ವೀಡನ್‌ನವರು. ಹನ್ನೆರಡು ದಿನಕ್ಕೆ, 24ಕ್ಕೆ, ಅವನು ಹೋಗಿಬಿಟ್ಟ. 71 ವರ್ಷ.

ಆ ಶನಿವಾರ ರಾತ್ರಿ ಟಿವಿ ಮುಂದೆ ಅಪ್ಪ ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಗಂಜಿ ಕುಡಿಸುವಾಗ, ಅರ್ಧ ನುಂಗಿದ ಮಾತಲ್ಲಿ, "ರಾಜ್ಯೋತ್ಸವ ಯಾವತ್ತು?" ಅಂದರು.

ಬೋರ್ಯೆ, ನಿನಗೆ ಥ್ಯಾಂಕ್ಸ್ ಹೇಳಬೇಕಿರೋದು ಇದೊಂದಕ್ಕೆ. 620ಕ್ಕಲ್ಲ. ಬೇರೆಯವರು ಎತ್ತಿ ಹಿಡಿದ ಕೈಯನ್ನು ನೀನು ಊರಿಗೆಲ್ಲ ತೋರಿಸಿದ್ದಕ್ಕೆ.

ಮುಂದಿನ ಶನಿವಾರ ರಾಜ್ಯೋತ್ಸವಕ್ಕೆ ಅಂತ ವ್ಹೀಲ್‌ಚೇರಿನಲ್ಲಿ ಅಪ್ಪ ಕನ್ನಡ ಸಂಘದ ಸಭಾಂಗಣಕ್ಕೆ ಬಂದರು. ಈಗ ನಿಮ್ಮ ಸರದಿ. ಯಾರೂ "ಅಯ್ಯೋ ಪಾಪ" ಅನ್ನದೆ ದಾರಿ ಬಿಟ್ಟಿರಿ. ಬಿಸಿಬೇಳೆ ಭಾತನ್ನು ಚಮಚದಲ್ಲಿ ಅರೆದರೆದು, ನೀರು ಬೆರೆಸದೆ ಗಟ್ಟಿಯಾಗಿಯೇ ನುಣ್ಣಗೆ ಮಾಡಿ ತಿನ್ನಿಸಿದ ಆ ಹುಡುಗನಿಗೆ ಅದನ್ನು ಯಾರು ಕಲಿಸಿದ್ದರೋ ಗೊತ್ತಿಲ್ಲ. ನೀರಾದ ಊಟವೇ ಗಂಟಲಿಗೆ ಅಪಾಯ ಅಂತ ನಮಗೇ ಆಗಷ್ಟೇ ತಿಳಿದಿತ್ತು. ಡಿಸೆಂಬರಿನ ಚಳಿಯಲ್ಲಿ ಪ್ಲೈವುಡ್ ಕೊಯ್ದು ಮೆಟ್ಟಿಲಿಗೆ ಇಳಿಜಾರು ಕಟ್ಟಿಕೊಟ್ಟ ಎದುರು ಮನೆಯವರಿಗೆ, ರಾತ್ರಿ ಪಾಳಿಯ ನರ್ಸಮ್ಮನಿಗೆ, ವಾರಕ್ಕೆರಡು ಸಲ ಬರುತ್ತಿದ್ದ ಫಿಸಿಯೋಗೆ ನಮಸ್ಕಾರ.

ಕನ್ನಡ ಶಾಲೆಯ ಟೀಚರಿಗೆ ಮಾತ್ರ ಬರೀ ನಮಸ್ಕಾರ ಸಾಲದು. ಮಾತು ನಿಂತಾಗ ಆಸ್ಪತ್ರೆಯವರು ಕಣ್ಣಲ್ಲಿ ತೋರಿಸುವ ಅಕ್ಷರದ ಹಲಗೆ ಕೊಟ್ಟರು, ಇಂಗ್ಲಿಷಿನದು. ಐವತ್ತು ವರ್ಷ ಇಂಗ್ಲಿಷ್ ಆಡಿದ ಅಪ್ಪ ಅದನ್ನು ನೋಡಲೂ ಒಪ್ಪಲಿಲ್ಲ. ನೀವು ಪಾರದರ್ಶಕ ಹಾಳೆಯ ಮೇಲೆ ವರ್ಣಮಾಲೆ ಬರೆದು ತಂದಿರಿ. ಮೊದಲು ಸಾಲು: ಕ, ಚ, ಟ, ತ, ಪ. ಆಮೇಲೆ ಆ ಸಾಲಿನ ಅಕ್ಷರ. ಆಮೇಲೆ ಕಾಗುಣಿತ. ಒತ್ತಕ್ಷರಕ್ಕೆ ಎರಡು ಸಲ ರೆಪ್ಪೆ. ಹಲಗೆಯಲ್ಲಿ ಅಪ್ಪ ಬರೆದ ಮೊದಲ ಪದ 'ಉಪ್ಪು'. ಗಂಜಿಗೆ ಹಾಕಿರಲಿಲ್ಲ.

ಮೇಪಲ್ ಲೀಫ್ ಗಾರ್ಡನ್ಸ್ ಕಟ್ಟಡದ ಕೆಳಗೆ ಈಗ ಸೂಪರ್‌ಮಾರ್ಕೆಟ್. ರಿಂಕಿನ ನಟ್ಟನಡುವೆ ಇದ್ದ ಜಾಗಕ್ಕೆ ನೆಲದ ಮೇಲೊಂದು ಕೆಂಪು ಚುಕ್ಕೆ ಇದೆ, 25ನೇ ಸಾಲಿನಲ್ಲಿ. 2023ರ ಮೇ ತಿಂಗಳಲ್ಲಿ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಚುಕ್ಕೆಯ ಮೇಲೆ ನಿಲ್ಲಿಸಿ ಫೋಟೋ ತೆಗೆಯಬೇಕು ಅಂತಿದ್ದೆ. ಹಲಗೆ ಬೇಕು ಅಂತ ಕಣ್ಣು ಮಾಡಿದರು. ಹಿಡಿದೆ. 'ಹಿಂದೆ' ಅಂತ ಬರೆದರು. ತಳ್ಳಿದೆ. 'ಇನ್ನೂ'. ಶೆಲ್ಫುಗಳನ್ನು ಸುತ್ತಿಕೊಂಡು, ಜನರ ಬುಟ್ಟಿಗಳನ್ನು ತಪ್ಪಿಸಿಕೊಂಡು, ಅಪ್ಪನ ಲೆಕ್ಕದಲ್ಲಿ ಡಿಫೆನ್ಸ್‌ಮನ್ ನಿಲ್ಲುವ ಜಾಗ ಬರುವವರೆಗೆ ತಳ್ಳಿದೆ. ಅಂಗಡಿಯ ಹುಡುಗಿಯೊಬ್ಬಳು ಬಂದು ಏನು ಹುಡುಕುತ್ತಿದ್ದೀರಿ ಅಂತ ಕೇಳಿದಳು. ಏನೂ ಇಲ್ಲ, ಇಲ್ಲೇ ಸ್ವಲ್ಪ ಹೊತ್ತು ಇರುತ್ತೇವೆ ಅಂದೆ.

ಶನಿವಾರ ಊಟ ಒಂದು ಗಂಟೆಗೆ, ನಮ್ಮ ಮನೆಯಲ್ಲೇ. ಎದುರು ಮನೆಯವರ ಡ್ರೈವ್‌ವೇಯಲ್ಲಿ ಎರಡು ಕಾರಿಗೆ ಜಾಗ ಕೇಳಿಟ್ಟಿದ್ದೇನೆ. ಇಳಿಜಾರಿನ ಹಲಗೆ ಇನ್ನೂ ತೆಗೆದಿಲ್ಲ, ಮಳೆ ಬಂದರೆ ಜಾರುತ್ತೆ, ನೋಡಿಕೊಂಡು ಹತ್ತಿ.