ಮಳೆ ಲೆಕ್ಕ ಹೇಳಿದರೆ ಬೈಗುಳವೇಕೆ?

ಮಾನ್ಯ ಸಂಪಾದಕರೇ,

ಮಲೆನಾಡಿನಲ್ಲಿ ಮಳೆ ಬೀಳುವ ರೀತಿ ಬದಲಾಗುತ್ತಿರುವ ಬಗ್ಗೆ ತಮ್ಮ ಜಿಲ್ಲಾ ಪುಟದಲ್ಲಿ ಬಂದ ವರದಿ ಚೆನ್ನಾಗಿತ್ತು. ಅದನ್ನೇ ತಮ್ಮ ಫೇಸ್‌ಬುಕ್ ಪುಟಕ್ಕೂ ಹಾಕಿದ್ದಿರಿ. ಅಲ್ಲಿ ಕೆಳಗೆ ಬಂದ ಮಾತುಗಳನ್ನು ತಮ್ಮ ಕಚೇರಿಯಲ್ಲಿ ಯಾರಾದರೂ ಓದಿದರೋ ಇಲ್ಲವೋ. ನಾನಂತೂ ಓದಬೇಕಾಯಿತು, ಏಕೆಂದರೆ ಅರ್ಧಕ್ಕರ್ಧ ನನಗೇ ಬಿದ್ದವು.

ನಾನು ಬರೆದದ್ದು ಇಷ್ಟೇ. ನಮ್ಮ ಮಾವನವರು ಅಂಗಳದಾಚೆ ಬಯಲಲ್ಲಿ ನೆಟ್ಟ ಮಳೆಮಾಪಕ ಇನ್ನೂ ಇದೆ. ಬೆಳಿಗ್ಗೆ ಎಂಟೂವರೆಗೆ ಅಳೆದು ಇಂಚು-ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು) ಬರೆದಿಡುವ ಪದ್ಧತಿಯನ್ನು ಅವರ ನಂತರ ನಾನು ಮುಂದುವರಿಸಿದ್ದೇನೆ. ಅವರ ಕಾಲದ ಪುಟಗಳಲ್ಲಿ ಆರಿದ್ರಾದಿಂದ ಆಶ್ಲೇಷದವರೆಗೆ ಸೊನ್ನೆ ಹುಡುಕುವುದೇ ಕಷ್ಟ. ನನ್ನ ಪುಟಗಳಲ್ಲಿ ಪುಷ್ಯ ಮಳೆಯ ನಡುವೆಯೇ ಸೊನ್ನೆಗಳು ಸಾಲಾಗಿ ಬಂದು, ಆಮೇಲೆ ಒಂದೇ ಹಗಲು-ರಾತ್ರಿಯಲ್ಲಿ ವಾರದ ಮಳೆ ಸುರಿದಿರುತ್ತದೆ. ಒಂದು ತೋಟದ ಲೆಕ್ಕದಿಂದ ಹವಾಮಾನ ಬದಲಾವಣೆ ಸಾಬೀತಾಗುವುದಿಲ್ಲ ಎಂದೂ ಅಲ್ಲೇ ಬರೆದಿದ್ದೆ. ಅದನ್ನು ಯಾರೂ ಓದಿದಂತಿಲ್ಲ.

"ಎನ್‌ಜಿಒದವರು ಎಷ್ಟು ಕೊಟ್ರು ಮೇಡಂ?" "ಗ್ರೇಟಾ ಆಂಟಿ ಬಂದ್ರು, ಎಲ್ಲ ಎದ್ದು ನಿಲ್ಲಿ." "ಒಲೆ ಮೇಲೆ ಹಾಲಿಟ್ಟಿದ್ರೆ ಮೊದಲು ಅದನ್ನ ನೋಡಿ." ಇವು ಅಚ್ಚು ಹಾಕಬಹುದಾದವು. ಹವಾಮಾನ ಹೋರಾಟಗಾರ್ತಿ ಗ್ರೇಟಾ ಥನ್‌ಬರ್ಗ್ ಹೆಸರಿನ ಆ 'ಗ್ರೇಟಾ ಆಂಟಿ'ಗೆ ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ಆದರೆ ಒಬ್ಬ ಪುಣ್ಯಾತ್ಮ ನನ್ನ ಮಗಳ ಖಾತೆಯನ್ನು ಹುಡುಕಿಕೊಂಡು ಹೋಗಿ ಅವಳ ಫೋಟೊ ಕೆಳಗೆ ಬರೆದದ್ದು ನಗುವಂಥದ್ದಲ್ಲ. ಅಂಥವರಿಗೆ ಉತ್ತರ ಕೊಡಲು ಹೋಗಬಾರದು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಬ್ಲಾಕ್ ಮಾಡಬೇಕು, ಮತ್ತೆ ಬಂದರೆ ಸೈಬರ್ ಠಾಣೆಗೆ ಕೊಡಬೇಕು. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ನಮ್ಮೂರಿನ ರೋಗ ಮಾತ್ರ ಎಂದುಕೊಳ್ಳುವುದೂ ಬೇಡ. 2023ರ ಬರಗಾಲದಲ್ಲಿ ಸ್ಪೇನ್ ದೇಶದ ಹವಾಮಾನ ಇಲಾಖೆಯವರನ್ನೇ ಅಲ್ಲಿನ ಜನ ಜಾಲತಾಣದಲ್ಲಿ ಕೊಲೆಗಡುಕರೆಂದು ಬೈದಿದ್ದರು. ಮಳೆ ಬಾರದ್ದಕ್ಕೆ ಅಳೆಯುವವನ ಮೇಲೆ ಸಿಟ್ಟು!

ನಾನು ಬರೆಯಬೇಕೆಂದಿರುವುದು ಉಳಿದವರ ಬಗ್ಗೆ. ಬೈದವರೆಲ್ಲ ಒಂದೇ ಬಗೆಯವರಲ್ಲ. ಕೆಲವರ ಸಿಟ್ಟಿನೊಳಗೆ ನ್ಯಾಯವಾದ ಪ್ರಶ್ನೆಯೇ ಇರುತ್ತದೆ.

"1924ರಲ್ಲೂ ನೆರೆ ಬಂದಿತ್ತಲ್ಲ, ಆಗ ಯಾವ ಕಾರಿನ ಹೊಗೆ?" ಎಂದು ಒಬ್ಬರು ಕೇಳಿದ್ದರು. ಬಂದಿತ್ತು, ನಿಜ. ಕಾವೇರಿಯೂ ಉಕ್ಕಿತ್ತು, ಕೇರಳವೂ ಮುಳುಗಿತ್ತು. ಹಿಂದೆ ಬಂದೇ ಇರಲಿಲ್ಲ ಎಂದು ಯಾರು ಹೇಳಿದರು? ಎಷ್ಟು ಸಲ ಬರುತ್ತಿದೆ, ಬಂದಾಗ ಎಷ್ಟು ಹೊಡೆಯುತ್ತಿದೆ ಎನ್ನುವುದು ಮಾತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳುತ್ತದೆ. ಹಿಡಿದದ್ದನ್ನು ಒಮ್ಮೆಲೇ ಬಿಟ್ಟಾಗ ಧರೆ ಕುಸಿಯುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶಕ್ಕೆ ಒಟ್ಟಿಗೇ ಸುರಿಯುವ ಅತಿವೃಷ್ಟಿಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ. ಅದಕ್ಕೆ ಅವರು ತೋರಿಸಿದ ಕಾರಣ ನಮ್ಮ ಅರಬ್ಬಿ ಸಮುದ್ರದಿಂದ ಹೋಗುವ ತೇವ. ಇದನ್ನು ಬರೆದ ಮೇಲೆ ಅವರು "ಸರಿ, ಓದಿ ನೋಡ್ತೇನೆ" ಎಂದರು. ಓದಿದರೋ ಬಿಟ್ಟರೋ, ಬೈಯುವುದನ್ನಂತೂ ನಿಲ್ಲಿಸಿದರು.

ಎನ್‌ಜಿಒ, ವಿದೇಶಿ ದುಡ್ಡಿನ ಮಾತಿಗೆ ಉತ್ತರ ಸುಲಭ. ದೇಶದ ಸರಾಸರಿ ತಾಪಮಾನ 1901ರಿಂದ 2018ರೊಳಗೆ ಸುಮಾರು 0.7 ಡಿಗ್ರಿ ಏರಿದೆ, 1951ರಿಂದ 2015ರೊಳಗೆ ಮುಂಗಾರು ಮಳೆ ಸುಮಾರು ಶೇ 6ರಷ್ಟು ಇಳಿದಿದೆ, ಆ ಇಳಿಕೆ ಗಂಗಾ ಬಯಲಿನಲ್ಲೂ ಪಶ್ಚಿಮ ಘಟ್ಟದಲ್ಲೂ ಎದ್ದು ಕಾಣುತ್ತದೆ ಎಂದು 2020ರಲ್ಲಿ ವರದಿ ಕೊಟ್ಟದ್ದು ಕೇಂದ್ರ ಸರ್ಕಾರದ ಭೂವಿಜ್ಞಾನ ಸಚಿವಾಲಯ. ಅದಕ್ಕೆ ಯಾವ ವಿದೇಶದ ದುಡ್ಡು?

"ಅಮೆರಿಕದವರಿಗೆ ಹೇಳಿ ಹೋಗಿ" ಎನ್ನುವವರ ಮಾತಿನಲ್ಲಿ ತೂಕವಿದೆ. ಅಲ್ಲಿ ತಲೆಗೆ ವರ್ಷಕ್ಕೆ ಹದಿನಾಲ್ಕು ಟನ್ ಆಸುಪಾಸು ಇಂಗಾಲದ ಡೈಆಕ್ಸೈಡ್, ನಮ್ಮಲ್ಲಿ ಎರಡು. ಭಾರತ ಸರ್ಕಾರವೂ 1992ರ ರಿಯೊ ಸಮಾವೇಶದಿಂದ ಇದನ್ನೇ ಹೇಳುತ್ತ ಬಂದಿದೆ. ನಾನು ಆ ಅಂಕಿಗಳನ್ನು ಕೊಟ್ಟು, ನೀವು ಹೇಳುವುದು ಸರಿ, ಆದರೆ ಕೊಳೆರೋಗ ಬರುವುದು ಅಮೆರಿಕದವರ ಅಡಿಕೆಗಲ್ಲವಲ್ಲ ಎಂದು ಬರೆದೆ. ಇಲ್ಲಿ ನನಗೊಂದು ಪಾಠ ಸಿಕ್ಕಿತು: ಎದುರಿನವರ ಮಾತಲ್ಲಿ ಸರಿಯಿದ್ದುದನ್ನು ಮೊದಲು ಸರಿ ಎಂದುಬಿಟ್ಟರೆ ಮುಂದಿನ ಮಾತಿಗೆ ಬೈಗುಳ ಕಮ್ಮಿ.

ಎಲ್ಲಕ್ಕಿಂತ ಜೋರಾಗಿ ಬೈದವನು ನಮ್ಮ ಪಕ್ಕದ ಊರಿನವನೇ. ನನಗಿಂತ ಚಿಕ್ಕವನು, ನಮ್ಮ ಮನೆಯ ಮದುವೆಯಲ್ಲಿ ಬಡಿಸಿದವನು. ಸೊಸೈಟಿಯಲ್ಲಿ ನಾನು ಮೈಲುತುತ್ತ ತೂಗಿಸುತ್ತಿದ್ದಾಗ ಏನೂ ಆಗಿಲ್ಲ ಎನ್ನುವಂತೆ ಬಂದು, "ಅಕ್ಕಾ, ಎಲೆಚುಕ್ಕಿಗೆ ಎಂಥ ಹೊಡಿತಿದೀರಿ ನೀವು?" ಎಂದ. ಹೊಡೆದದ್ದನ್ನು ಹೇಳಿ, "ಅಲ್ಲ ಮಾರಾಯಾ, ಮೊನ್ನೆ ಅಷ್ಟು ಬೈದಿದ್ಯಲ್ಲ ನಂಗೆ?" ಎಂದು ಕೇಳಿದೆ.

"ನಿಮಗೆ ಬೈದದ್ದಲ್ಲ ಅಕ್ಕಾ. ಈ ಹವಾಮಾನ ಅಂತ ಶುರುವಾದದ್ದೆಲ್ಲ ಕಸ್ತೂರಿರಂಗನ್ ಅಂತ ಮುಗಿಯುತ್ತೆ. ಸಾಗುವಳಿ ಜಮೀನು ಸಕ್ರಮ ಮಾಡ್ಕೊಡಿ ಅಂತ ಕೊಟ್ಟ ನಮ್ಮ ಫಾರಂ 57 ಇನ್ನೂ ತಾಲ್ಲೂಕು ಆಫೀಸಲ್ಲೇ ಕೂತಿದೆ. ನಾಳೆ ಪರಿಸರ ಸೂಕ್ಷ್ಮ ಅಂತ ಬೋರ್ಡ್ ಹಾಕಿದ್ರೆ ನಾವು ಎಲ್ಲಿಗೆ ಹೋಗೋದು? ನಿಮಗಾದ್ರೆ ಪಹಣಿ ಇದೆ."

ಪಹಣಿಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಯೋಚಿಸಿದರೆ ಅವನು ಇಂಗಾಲದ ಬಗ್ಗೆ ಜಗಳಕ್ಕೆ ನಿಂತವನೇ ಅಲ್ಲ. ಪಶ್ಚಿಮ ಘಟ್ಟದ ರಕ್ಷಣೆಗೆಂದು ಬಂದ 2013ರ ಕಸ್ತೂರಿರಂಗನ್ ವರದಿ ರಾಜ್ಯದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಎಂದು ಗುರುತಿಸಿತು. ಅಲ್ಲಿಂದ ಕೇಂದ್ರದ ಕರಡು ಅಧಿಸೂಚನೆ ಬರುವುದು, ಇಲ್ಲಿ ಬಂದ್ ಆಗುವುದು, ಅವಧಿ ಮುಗಿದು ಮತ್ತೊಂದು ಕರಡು ಬರುವುದು, ಹೀಗೇ ನಡೆದಿದೆ. ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಭೂಕುಸಿತದಲ್ಲಿ ಕೊಚ್ಚಿಹೋದದ್ದು 2024ರ ಜುಲೈ 30ರಂದು. ಆರನೇ ಕರಡು ಹೊರಬಂದದ್ದು ಅದರ ಬೆನ್ನಿಗೇ. ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಗಣಿಗಾರಿಕೆ, ಕಲ್ಲು ಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ 'ಕೆಂಪು ವರ್ಗ'ದ ಕಾರ್ಖಾನೆ, ದೊಡ್ಡ ದೊಡ್ಡ ಕಟ್ಟಡಗಳನ್ನು ಕರಡು ತಡೆಯುತ್ತದೆ, ಬೇಸಾಯವನ್ನಲ್ಲ. ಹಾಗೆಂದು ನಾನು ಹೇಳಿದರೆ ಅವನು ನಂಬಬೇಕೆ? ಶರಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ-ಜಮೀನು ಮುಳುಗಿದವರು ಅರವತ್ತು ವರ್ಷವಾದರೂ ಹಕ್ಕುಪತ್ರಕ್ಕೆ ಅಲೆಯುತ್ತಿರುವುದನ್ನು ಇಲ್ಲಿಯವರು ಕಣ್ಣಾರೆ ಕಂಡಿದ್ದಾರೆ. ಕಾಗದದಲ್ಲಿ ಒಂದು, ನೆಲದ ಮೇಲೆ ಇನ್ನೊಂದು ಎನ್ನುವುದು ಮಲೆನಾಡಿಗೆ ಹೊಸದಲ್ಲ. ಈ ಭಯವನ್ನು ಚುನಾವಣೆಗೊಮ್ಮೆ ಊದಿ ಉರಿಸುವವರೂ ಇದ್ದಾರೆ, ಅದು ಬೇರೆ ಕತೆ.

ಆ ದಿನದ ನಂತರ ಒಂದು ರೂಢಿ ಮಾಡಿಕೊಂಡಿದ್ದೇನೆ. ಬೈದವರ ನಂಬರ್ ನನ್ನ ಬಳಿ ಇದ್ದರೆ ಅಲ್ಲಿ ಉತ್ತರ ಬರೆಯುವುದಿಲ್ಲ, ಫೋನ್ ಮಾಡುತ್ತೇನೆ. ನಾಲ್ಕು ಜನರೆದುರು ಯಾರೂ ಸೋಲಲು ಒಪ್ಪುವುದಿಲ್ಲ, ಫೋನಿನಲ್ಲಿ ಸೋಲು-ಗೆಲುವೇ ಇಲ್ಲ. ನಂಬರ್ ಇಲ್ಲದವರಿಗೆ ಒಂದೇ ಉತ್ತರ, ಅಂಕಿ ಸಮೇತ. ಅದು ಬೈದವರಿಗೆ ಅಂತಲ್ಲ, ಬಾಯಿ ಬಿಡದೆ ಓದಿಕೊಂಡು ಹೋಗುವವರಿಗೆ. ಬೆಂಗಳೂರಿನಲ್ಲಿರುವ ನಮ್ಮ ಮೈದುನನ ಮಗ ಮನೆಯ ಗ್ರೂಪಿಗೆ 'ಜ್ವಾಲಾಮುಖಿಯ ಹೊಗೆಯೆದುರು ಮನುಷ್ಯನದು ಏನೇನೂ ಅಲ್ಲ' ಎಂಬ ವಿಡಿಯೊ ಹಾಕಿದಾಗಲೂ ಹೀಗೇ ಮಾಡಿದೆ. ಜ್ವಾಲಾಮುಖಿಗಳೆಲ್ಲ ಸೇರಿ ಬಿಡುವ ಇಂಗಾಲದ ಡೈಆಕ್ಸೈಡ್ ನಾವು ಬಿಡುವುದರ ನೂರರಲ್ಲೊಂದು ಪಾಲೂ ಆಗದು ಎಂದು ಬರೆದು ಸುಮ್ಮನಾದೆ. ಅವನು ಹಲ್ಲು ಕಿಸಿಯುವ ಮುಖವೊಂದನ್ನು ಹಾಕಿದ. ಅವನ ಅಮ್ಮ ಮಾತ್ರ ಮಾರನೆಯ ದಿನ ಫೋನ್ ಮಾಡಿ, "ಹೌದಾ ಅಕ್ಕಾ, ಹಾಗಾದ್ರೆ ಆ ವಿಡಿಯೊ ಸುಳ್ಳಾ?" ಎಂದು ಕೇಳಿದಳು.

ಇನ್ನು ತಮ್ಮ ಪಾಲಿನ ಕೆಲಸ. ಹವಾಮಾನದ ವರದಿ ಜಾಲತಾಣಕ್ಕೆ ಹಾಕಿದ ದಿನವಾದರೂ ಒಬ್ಬರನ್ನು ಅಲ್ಲಿ ಕೂರಿಸಿ. ಖಾರವಾದ ಭಿನ್ನಮತ ಇರಲಿ, ಅಳಿಸಬೇಡಿ. ಹೆಣ್ಣುಮಕ್ಕಳ ಮೇಲಿನ ಹೊಲಸನ್ನು ಆ ಕ್ಷಣವೇ ತೆಗೆಸಿ. 'ವರುಣನ ಆರ್ಭಟ' ಎಂದು ದಪ್ಪಕ್ಷರ ಹಾಕುವಾಗ ಎಷ್ಟು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಬಿತ್ತು, ಆ ಹೋಬಳಿಯ ವಾಡಿಕೆ ಮಳೆ ಎಷ್ಟು ಎನ್ನುವುದನ್ನೂ ಒಂದು ಸಾಲಿನಲ್ಲಿ ಕೊಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಇವೆ, ಅಂಕಿಗೇನೂ ಬರವಿಲ್ಲ. ಅಂಕಿಯಿಲ್ಲದ ಸುದ್ದಿಯ ಕೆಳಗೆ ಬಾಯಿಜಗಳವೇ ಬೆಳೆಯುತ್ತದೆ.

ಮುಖ್ಯವಾದದ್ದು ಮುಂದಿನದು. ಕರಡು ಅಧಿಸೂಚನೆಯಲ್ಲಿ ಏನನ್ನು ನಿಷೇಧಿಸಿದ್ದಾರೆ, ಏನನ್ನು ಬಿಟ್ಟಿದ್ದಾರೆ, ಪಟ್ಟಿಯಲ್ಲಿ ಯಾವ ಯಾವ ಊರಿದೆ, ಬಗರ್ ಹುಕುಂ ಅರ್ಜಿದಾರರ ಗತಿಯೇನು ಎನ್ನುವುದನ್ನು ತಾಲ್ಲೂಕುವಾರು, ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಒಂದು ಪೂರ್ತಿ ಪುಟ ಮಾಡಿ ಕೊಡಿ. ಕೊನೆಯ ಪ್ರಶ್ನೆಗೆ ಅಧಿಕಾರಿಗಳಿಂದ ಉತ್ತರ ಸಿಗದಿದ್ದರೆ, ಸಿಗಲಿಲ್ಲ ಎಂದೇ ಅಚ್ಚು ಹಾಕಿ. ಆ ಪುಟವನ್ನು ಸೊಸೈಟಿಯ ಗೋಡೆಗೆ ನಾನೇ ಅಂಟಿಸುತ್ತೇನೆ. ಅದನ್ನು ಓದಿದ ಮೇಲೂ ಬೈಯುವವರು ಬೈಯಲಿ, ಯಾವ ಕಲಮಿಗೆ ಬೈಯುತ್ತಿದ್ದಾರೆ ಎಂದಾದರೂ ಗೊತ್ತಾಗುತ್ತದೆ.

ಹೆಸರು, ವಿಳಾಸ ಪ್ರತ್ಯೇಕ ಹಾಳೆಯಲ್ಲಿವೆ. ಮಗಳ ಕಾರಣಕ್ಕೆ ಅವನ್ನು ಅಚ್ಚು ಹಾಕುವುದು ಬೇಡ.

— ಅಡಿಕೆ-ಕಾಫಿ ಬೆಳೆಗಾರ್ತಿ,
ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ