ಡಿಸ್ನಿಯ ಊಟದ ಪ್ಲಾನ್ ತಗೋಬೇಕಾ? ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದಿರುವಾಗಲೇ ಆರ್ಲಾಂಡೋದ ಡಿಸ್ನಿ ವರ್ಲ್ಡ್‌ಗೆ ಹೋಗಿ ಬರುವುದು ಒಳ್ಳೆಯ ಯೋಚನೆ. ಮತ್ತೆ ಎಲ್ಲರೂ ಒಟ್ಟಿಗೆ ಸೇರುವುದು ಯಾವಾಗಲೋ. ಊಟಕ್ಕೆ ಮುಂಗಡವಾಗಿ ದುಡ್ಡು ಕಟ್ಟುವ ಅಲ್ಲಿನ ಡೈನಿಂಗ್ ಪ್ಲಾನ್ ತಗೊಳ್ಳಲಾ ಬೇಡವಾ, ಅಡ್ಡಗೋಡೆ ಮೇಲೆ ದೀಪ ಇಡಬೇಡ, ಒಂದೇ ಮಾತಲ್ಲಿ ಹೇಳು ಅಂದಿದ್ದೀಯ. ಒಂದೇ ಮಾತು: ಬೇಡ. ಆದರೆ ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕು ಜನ ಕೇಳಿದ್ದಾರೆ, ಅವರಲ್ಲಿ ಒಂದಿಬ್ಬರಿಗೆ ತಗೊಳ್ಳಿ ಅಂತಲೇ ಹೇಳಿದ್ದೇನೆ. ಅದಕ್ಕೇ ಲೆಕ್ಕ ಬಿಡಿಸಿ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಬೈಯಬೇಡ.

ಮೊದಲು ಇದು ಏನು ಅಂತ ಚುಟುಕಾಗಿ. ವಾಲ್ಟ್ ಡಿಸ್ನಿ ವರ್ಲ್ಡ್‌ನ ಸ್ವಂತ ಹೋಟೆಲ್‌ನಲ್ಲಿ ಪ್ಯಾಕೇಜ್ ಬುಕ್ ಮಾಡಿದವರಿಗೆ ಮಾತ್ರ ಈ ಪ್ಲಾನ್ ಸಿಗುತ್ತದೆ. 2020ರಲ್ಲಿ ಕೋವಿಡ್ ಬಂದಾಗ ನಿಲ್ಲಿಸಿದ್ದರು, 2024ರ ಜನವರಿ 9ರಿಂದ ಮತ್ತೆ ಶುರುವಾಯಿತು. ಎರಡು ಥರ ಇದೆ. ಕ್ವಿಕ್ ಸರ್ವೀಸ್ ಪ್ಲಾನ್ ಅಂದರೆ ಒಂದು ರಾತ್ರಿಗೆ ತಲಾ ಎರಡು ಕೌಂಟರ್ ಊಟ, ಒಂದು ತಿಂಡಿ. ಇನ್ನೊಂದು ಬರೀ 'ಡೈನಿಂಗ್ ಪ್ಲಾನ್', ಅದರಲ್ಲಿ ಒಂದು ಕೌಂಟರ್ ಊಟ, ಮೇಜಿಗೆ ತಂದು ಬಡಿಸುವ ಒಂದು ಊಟ, ಒಂದು ತಿಂಡಿ. ಎರಡರಲ್ಲೂ ಒಂದೊಂದು ಮಗ್ ಕೊಡುತ್ತಾರೆ. ಹೋಟೆಲ್‌ನಲ್ಲಿ ಎಷ್ಟು ಸಲ ಬೇಕಾದರೂ ಕಾಫಿ, ಕೂಲ್ ಡ್ರಿಂಕ್ ತುಂಬಿಸಿಕೊಳ್ಳಬಹುದು, ಪಾರ್ಕಿನೊಳಗೆ ನಡೆಯುವುದಿಲ್ಲ. ಲೆಕ್ಕ ಎಲ್ಲಾ ರಾತ್ರಿಯ ಮೇಲೆ. ಐದು ರಾತ್ರಿ ಇದ್ದರೆ ಐದು ದಿನದ ಊಟ ಖಾತೆಗೆ ಬೀಳುತ್ತದೆ, ಯಾವಾಗ ಬೇಕಾದರೂ ತಿನ್ನು, ಆದರೆ ರೂಮ್ ಖಾಲಿ ಮಾಡುವ ದಿನ ಮಧ್ಯರಾತ್ರಿಗೆ ಉಳಿದದ್ದು ಹೋಯಿತು ಅಂತಲೇ ಲೆಕ್ಕ. ದುಡ್ಡು ವಾಪಸ್ ಇಲ್ಲ.

ಈಗ ರೇಟು. 2024ರಲ್ಲಿ ಕ್ವಿಕ್ ಸರ್ವೀಸ್ ದೊಡ್ಡವರಿಗೆ 57.01 ಡಾಲರ್, ಮಕ್ಕಳಿಗೆ 23.83. ಡೈನಿಂಗ್ ಪ್ಲಾನ್ ದೊಡ್ಡವರಿಗೆ 94.28, ಮಕ್ಕಳಿಗೆ 29.69. ಆಮೇಲೆ ಏರಿದೆ, ನೀನು ಬುಕ್ ಮಾಡುವಾಗ ಹೊಸ ದರ ಹಾಕಿಕೋ. ಲೆಕ್ಕದ ದಾರಿ ಅದೇ. ಗಮನಿಸು, ಅವರ ಪ್ರಕಾರ ಮಕ್ಕಳು ಅಂದರೆ 3ರಿಂದ 9 ವರ್ಷದವರು. ನಿನ್ನ ಮಗನಿಗೆ ಆರು, ಸರಿ. ಮಗಳಿಗೆ ಹನ್ನೊಂದು ಆಯ್ತಲ್ಲ, ಅರ್ಧ ದೋಸೆ ತಿಂದು ಕೈ ತೊಳೆಯುವ ಹುಡುಗಿ ಅವರ ಲೆಕ್ಕದಲ್ಲಿ ದೊಡ್ಡವಳು. ಹಾಗಾಗಿ ನಿಮ್ಮದು ಐದು ದೊಡ್ಡವರು, ಒಬ್ಬ ಹುಡುಗ. ಡೈನಿಂಗ್ ಪ್ಲಾನ್ ಆದರೆ ರಾತ್ರಿಗೆ 501 ಡಾಲರ್, ಐದು ರಾತ್ರಿಗೆ ಎರಡೂವರೆ ಸಾವಿರ. ಕ್ವಿಕ್ ಸರ್ವೀಸ್ ಆದರೂ 1,544. ಮೇಲೆ ಟಿಪ್ ನಮ್ಮದೇ. ಮೇಜಿನ ಊಟಕ್ಕೆ ಆರು ಜನ ಕೂತರೆ 18 ಪರ್ಸೆಂಟ್ ತಾನಾಗಿಯೇ ಬಿಲ್‌ಗೆ ಸೇರುತ್ತದೆ.

ಈಗ ಎಲ್ಲರೂ ಎಡವುವ ಒಂದು ನಿಯಮ ಹೇಳುತ್ತೇನೆ, ಇದನ್ನು ಸರಿಯಾಗಿ ಕೇಳಿಸಿಕೋ. ಒಂದು ರೂಮಿನ ಬುಕಿಂಗ್‌ನಲ್ಲಿ ಮೂರು ವರ್ಷ ದಾಟಿದ ಪ್ರತಿಯೊಬ್ಬರೂ ಅದೇ ಪ್ಲಾನ್ ತಗೊಳ್ಳಲೇಬೇಕು. ನನಗೆ ಬೇಕು, ಅಮ್ಮನಿಗೆ ಬೇಡ ಅನ್ನುವ ಹಾಗಿಲ್ಲ. ನೀನು ಆರು ಜನ ಹಿಡಿಯುವ ಫ್ಯಾಮಿಲಿ ಸೂಟ್ ನೋಡುತ್ತಿದ್ದೀಯ ಅಂದೆ. ಆ ಸೂಟ್ ಹಿಡಿದು ಪ್ಲಾನ್ ಹಾಕಿದರೆ, ಸಂಜೆ ಒಂದು ಬಟ್ಟಲು ಮೊಸರನ್ನ ಸಿಕ್ಕರೆ ಸಾಕು ಅನ್ನುವ ನಿಮ್ಮಮ್ಮನಿಗೂ ದಿನಕ್ಕೆ 94 ಡಾಲರ್ ಕಟ್ಟುತ್ತೀಯ. ಐದು ರಾತ್ರಿಗೆ ಅಪ್ಪ ಅಮ್ಮ ಇಬ್ಬರದ್ದೇ 940 ಡಾಲರ್ ಮೇಲೆ. ಅವರು ತಿನ್ನುವುದು ಅದರಲ್ಲಿ ಮೂರನೇ ಒಂದು ಪಾಲೂ ಇರುವುದಿಲ್ಲ. ಪ್ಲಾನ್ ಬೇಕೇ ಬೇಕು ಅಂತ ನಿಮ್ಮಾಕೆ ಹಟ ಹಿಡಿದರೆ, ಎರಡು ಸಾಮಾನ್ಯ ರೂಮ್ ಬೇರೆ ಬೇರೆ ಬುಕಿಂಗ್ ಮಾಡಿಸು. ನಿಮ್ಮ ನಾಲ್ವರದ್ದು ಒಂದು, ಅಪ್ಪ ಅಮ್ಮನದ್ದು ಇನ್ನೊಂದು. ಅವರ ಬುಕಿಂಗ್‌ಗೆ ಪ್ಲಾನ್ ಹಾಕಬೇಡ.

ಹಾಗಾದರೆ ನಿಮ್ಮ ನಾಲ್ವರಿಗಾದರೂ ಗಿಟ್ಟುತ್ತದಾ? ಕ್ವಿಕ್ ಸರ್ವೀಸ್ ಮೊದಲು ನೋಡೋಣ. ಅನಿಮಲ್ ಕಿಂಗ್‌ಡಮ್ ಅನ್ನುವ ಡಿಸ್ನಿ ಪಾರ್ಕ್‌ನಲ್ಲಿ ಸಾಟುಲಿ ಕ್ಯಾಂಟೀನ್ ಅಂತ ಇದೆ, ಸಸ್ಯಾಹಾರಿಗಳಿಗೆ ಅಲ್ಲಿನ ಟೋಫು (ಸೋಯಾ ಪನೀರ್) ಬೌಲ್ ಚೆನ್ನಾಗಿರುತ್ತದೆ. ಅಂಥದ್ದೊಂದು ಊಟ, ಒಂದು ಕೂಲ್ ಡ್ರಿಂಕ್ ಅಂದರೆ ಅಂದಾಜು 18ರಿಂದ 20 ಡಾಲರ್. ಎರಡು ಹೊತ್ತಿಗೆ 40. ತಿಂಡಿಗೆ ಆರೇಳು. ಮಗ್ ಕೊಂಡರೆ ಸುಮಾರು 20 ಡಾಲರ್, ಐದು ದಿನಕ್ಕೆ ಹಂಚಿದರೆ ದಿನಕ್ಕೆ ನಾಲ್ಕು. ಎಲ್ಲಾ ಸೇರಿ 50 ಆಯ್ತು, ನೀನು ಕಟ್ಟಿದ್ದು 57. ಅದೂ ಪ್ರತಿ ಹೊತ್ತೂ ಪೂರ್ತಿ ಪ್ಲೇಟ್, ಪ್ರತಿ ಊಟಕ್ಕೂ ಡ್ರಿಂಕ್ ತಗೊಂಡರೆ! ನಿಜವಾಗಿ ನಾವು ಹೇಗೆ ತಿನ್ನುತ್ತೇವೆ? ಒಂದು ಬೌಲ್ ಇಬ್ಬರು ಹಂಚಿಕೊಳ್ಳುತ್ತೇವೆ, ಕೌಂಟರ್‌ನಲ್ಲಿ ಕೇಳಿದರೆ ಪುಕ್ಕಟೆ ಐಸ್ ವಾಟರ್ ಕೊಡುತ್ತಾರೆ ಅದನ್ನೇ ಕುಡಿಯುತ್ತೇವೆ.

ಈ ಪ್ಲಾನ್ ಗಿಟ್ಟುವುದು ಮುಖ್ಯವಾಗಿ ಕುಡಿಯುವವರಿಗೆ. 21 ದಾಟಿದವರು ಊಟದ ಜೊತೆಗಿನ ಡ್ರಿಂಕ್ ಅಂತ ಬಿಯರ್, ವೈನ್, ಕಾಕ್‌ಟೇಲ್ ಕೂಡ ತಗೊಳ್ಳಬಹುದು. ಅಲ್ಲಿ ಒಂದು ಕಾಕ್‌ಟೇಲ್‌ಗೆ ಸಲೀಸಾಗಿ 15 ಡಾಲರ್ ಮೇಲಿದೆ. ದಿನಾ ಎರಡು ಹೊತ್ತು ಅದನ್ನೇ ತಗೊಂಡರೆ ಪ್ಲಾನ್‌ಗೆ ಕಟ್ಟಿದ ದುಡ್ಡು ಗಿಟ್ಟಿದ ಹಾಗೆ. ನಾನು ತಗೊಳ್ಳಿ ಅಂದ ಆ ಒಂದಿಬ್ಬರು ಯಾರು ಅಂತ ಈಗ ಗೊತ್ತಾಯ್ತಲ್ವಾ. ನೀನು ಅಪ್ಪನ ಎದುರಿಗೆ ಗ್ಲಾಸ್ ಎತ್ತುವ ಗಿರಾಕಿ ಅಲ್ಲ.

ಇನ್ನು ದೊಡ್ಡ ಪ್ಲಾನ್. ಇಲ್ಲಿ ಆಸೆ ಹುಟ್ಟಿಸುವುದು ಮಕ್ಕಳ ರೇಟು. ಮಿಕ್ಕಿ ಮೌಸ್ ಮೇಜಿನ ಹತ್ತಿರ ಬಂದು ಫೋಟೋ ತೆಗೆಸಿಕೊಳ್ಳುತ್ತಾನಲ್ಲ, ಆ ಥರದ ಕ್ಯಾರೆಕ್ಟರ್ ಊಟ ಷೆಫ್ ಮಿಕ್ಕೀಸ್ ಅನ್ನುವ ರೆಸ್ಟೋರೆಂಟ್‌ನಲ್ಲಿ ಸಂಜೆ ಹೊತ್ತು ಒಬ್ಬ ಹುಡುಗನಿಗೆ 40 ಡಾಲರ್ ದಾಟುತ್ತದೆ. ಪ್ಲಾನ್‌ನಲ್ಲಿ 2024ರ ದರದಂತೆ ಇಡೀ ದಿನಕ್ಕೆ 29.69. ನೋಡಿದ ತಕ್ಷಣ ಅಯ್ಯೋ ಲಾಭ ಅನಿಸುತ್ತದೆ. 2026ಕ್ಕಂತೂ ದೊಡ್ಡವರು ಪ್ಲಾನ್ ಸೇರಿದ ಪ್ಯಾಕೇಜ್ ಕೊಂಡರೆ 3ರಿಂದ 9 ವರ್ಷದ ಮಕ್ಕಳಿಗೆ ಪ್ಲಾನ್ ಉಚಿತ ಅಂತಲೇ ಘೋಷಿಸಿದ್ದಾರೆ. ಹುಡುಗನ ಊಟ ಬಿಟ್ಟಿ, ಅವನ ಜೊತೆ ಕೂತ ದೊಡ್ಡವರದ್ದು ಪೂರ್ತಿ ದರ. ಚಿಕ್ಕ ಮಕ್ಕಳು ಇಬ್ಬರು ಮೂವರಿದ್ದು, ದಿನಾ ಒಬ್ಬೊಬ್ಬ ಕ್ಯಾರೆಕ್ಟರ್ ಜೊತೆ ಕೂತು ಊಟ ಮಾಡಬೇಕು ಅನ್ನುವವರಿಗೆ ಕಣ್ಣು ಮುಚ್ಚಿ ತಗೊಳ್ಳಿ ಅನ್ನುತ್ತೇನೆ. ನಿನ್ನ ಮಗಳಿಗೆ ಈಗ ಮಿಕ್ಕಿ ಅಂದರೆ ನಾಚಿಕೆ. ಉಳಿದವನು ಒಬ್ಬ. ಅವನಿಗೆ ಒಂದು ಸಂಜೆ ಸಾಕು.

2024ರ ದರದಲ್ಲಿ, ಹುಡುಗನದ್ದೂ ಸೇರಿಸಿದರೆ, ನಿಮ್ಮ ನಾಲ್ವರಿಗೆ ಈ ಪ್ಲಾನ್ ಐದು ರಾತ್ರಿಗೆ 1,563 ಡಾಲರ್. ಪ್ಲಾನ್ ಇಲ್ಲದೆ ಒಂದು ಸಂಜೆ ಷೆಫ್ ಮಿಕ್ಕೀಸ್‌ಗೆ ಹೋಗಿ, ಉಳಿದ ಹೊತ್ತು ಕೌಂಟರ್‌ನಲ್ಲಿ ತಿಂದರೆ ನನ್ನ ಅಂದಾಜಿನಲ್ಲಿ ಒಂಬೈನೂರರಿಂದ ಸಾವಿರದೊಳಗೆ ಮುಗಿಯುತ್ತದೆ. ಮತ್ತೆ ದುಡ್ಡು ಒಂದೇ ಅಲ್ಲ, ಸಮಯ. ಮೇಜಿನ ಊಟಕ್ಕೆ ಕೂತು ಏಳುವಷ್ಟರಲ್ಲಿ ಒಂದೂವರೆ ಗಂಟೆ. ಒಳ್ಳೆಯ ಜಾಗಗಳಿಗೆ 60 ದಿನ ಮೊದಲೇ ಬುಕ್ ಮಾಡಬೇಕು, ಬುಕ್ ಮಾಡಿ ಹೋಗದಿದ್ದರೆ ಹೆಚ್ಚಿನ ಕಡೆ ತಲಾ 10 ಡಾಲರ್ ದಂಡ. ಮುಂಗಡ ದುಡ್ಡು ಕಟ್ಟಿದ ಮೇಲೆ ಮನುಷ್ಯ ಹೇಗಾಗುತ್ತಾನೆ ಗೊತ್ತಲ್ಲ. ಹಸಿವಿಲ್ಲದಿದ್ದರೂ ಬಿಡಲು ಮನಸ್ಸು ಬರಲ್ಲ. ಕೊನೇ ದಿನ ಏರ್‌ಪೋರ್ಟ್‌ಗೆ ಹೊರಡುವ ಮುಂಚೆ ಗಿಫ್ಟ್ ಅಂಗಡಿಯಲ್ಲಿ ಉಳಿದ ತಿಂಡಿ ಲೆಕ್ಕ ತೀರಿಸಲು ಮಿಕ್ಕಿ ಆಕಾರದ ಬಿಸ್ಕತ್ತು, ಕ್ಯಾಂಡಿ ಚೀಲಗಟ್ಟಲೆ ತುಂಬಿಕೊಳ್ಳುತ್ತಿದ್ದ ಒಂದು ಕುಟುಂಬ ನೋಡಿದ್ದೇನೆ. ಗಂಡ ಎಣಿಸುತ್ತಿದ್ದ, ಹೆಂಡತಿ ಬುಟ್ಟಿಗೆ ಹಾಕುತ್ತಿದ್ದಳು, ಮಕ್ಕಳು ಸಾಕಪ್ಪಾ ಅಂತ ನೆಲದ ಮೇಲೆ ಕೂತಿದ್ದರು.

ಆದರೆ ಪ್ಲಾನ್ ಪರವಾಗಿ ಒಂದು ಮಾತು ಹೇಳಲೇಬೇಕು, ಇದು ಯಾವ ಲೆಕ್ಕದಲ್ಲೂ ಬರುವುದಿಲ್ಲ. ನಮ್ಮಪ್ಪನನ್ನು ಕರೆದುಕೊಂಡು ಹೋದಾಗ ಮೆನು ಬೋರ್ಡ್ ಎದುರಿಗೆ ನಿಂತರೆ ಸಾಕು, ತುಟಿ ಅಲ್ಲಾಡುತ್ತಿತ್ತು. ಡಾಲರನ್ನು ರೂಪಾಯಿಗೆ ತಿರುಗಿಸುತ್ತಿದ್ದರು. "ಒಂದು ಬನ್ನಿಗೆ ಸಾವಿರದ ಮುನ್ನೂರಾ?" ಅಂತ ಮೆಲ್ಲಗೆ ಅಂದು, "ನಂಗ್ಯಾಕೋ ಹಸಿವಿಲ್ಲ ಕಣೋ, ನೀವು ತಿನ್ನಿ" ಅನ್ನುವುದು. ಬೆಳಗ್ಗೆ ಎಂಟಕ್ಕೆ ಉಪ್ಪಿಟ್ಟು ತಿಂದ ಮನುಷ್ಯ ಮಧ್ಯಾಹ್ನ ಎರಡಾದರೂ ಹಸಿವಿಲ್ಲ ಅನ್ನುತ್ತಿದ್ದರು. ಪ್ಲಾನ್ ಇದ್ದರೆ ಎಲ್ಲಾ ಕಟ್ಟಿ ಆಗಿದೆ ಅಪ್ಪ, ತಿನ್ನದಿದ್ದರೆ ನಷ್ಟ ಅಂದರೆ ಮುಗೀತು, ಮದುವೆಮನೆ ಪಂಕ್ತಿಯಲ್ಲಿ ಕೂತ ಹಾಗೆ ನೆಮ್ಮದಿಯಾಗಿ ತಿನ್ನುತ್ತಾರೆ. ಈ ನೆಮ್ಮದಿಗೆ 940 ಡಾಲರ್ ಜಾಸ್ತಿ ಆಯ್ತು ಅಂತ ನನ್ನ ಅಭಿಪ್ರಾಯ. ಇದಕ್ಕೆ ಬೇರೆ ಉಪಾಯ ಇದೆ. ಫೋನ್‌ನಲ್ಲಿ ಡಿಸ್ನಿ ಆ್ಯಪ್ ಹಾಕಿಕೊಂಡು ಮೊಬೈಲ್ ಆರ್ಡರ್ ಮಾಡು. ಅವರನ್ನು ನೆರಳಲ್ಲಿ ಕೂರಿಸಿ ನೀನೇ ಟ್ರೇ ತಗೊಂಡು ಹೋಗು. ಬೋರ್ಡೂ ಇಲ್ಲ, ಬಿಲ್ಲೂ ಇಲ್ಲ. ಎಷ್ಟಾಯ್ತು ಅಂತ ಕೇಳಿದರೆ ಟಿಕೆಟ್ ಜೊತೆ ಸೇರಿದೆ ಅನ್ನು. ಇಷ್ಟು ಸುಳ್ಳಿಗೆ ದೇವರು ಬೇಜಾರು ಮಾಡಿಕೊಳ್ಳಲ್ಲ.

ಅಮ್ಮನ ಊಟದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಇಲ್ಲಿನ ಪಾರ್ಕ್‌ಗಳಿಗೆ ಮನೆಯ ಊಟ ತಗೊಂಡು ಹೋಗಬಹುದು, ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಗಾಜಿನ ಡಬ್ಬಿ ಬೇಡ, ಬಿಸಿ ಮಾಡಬೇಕಾದ್ದು ಬೇಡ, ಬಿಡಿ ಐಸ್ ಬಿಡಲ್ಲ ಆದರೆ ಐಸ್ ಪ್ಯಾಕ್ ನಡೆಯುತ್ತದೆ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಧಾರಾಳವಾಗಿ ಹೋಗುತ್ತದೆ. ಫ್ಲಾರಿಡಾದ ಬೇಸಿಗೆಯಲ್ಲಿ ಮೊಸರನ್ನ ಮಾತ್ರ ಪಾರ್ಕಿಗೆ ಬೇಡ, ರಾತ್ರಿಗೆ ರೂಮಿನ ಫ್ರಿಜ್‌ನಲ್ಲಿ ಇಡು. ಎಂಟಿಆರ್ ಕಪ್ ಉಪ್ಪಿಟ್ಟು, ಅವಲಕ್ಕಿಗೆ ಬಿಸಿನೀರು ಸಾಕು, ಬೆಳಗಿನ ತಿಂಡಿ ರೂಮಲ್ಲೇ ಮುಗಿಯುತ್ತದೆ. ಪ್ಲಾನ್ ಇದ್ದಿದ್ದರೆ ಇದನ್ನೆಲ್ಲ ಕಟ್ಟಿಕೊಂಡು ಹೋಗಿ ಆ ಊಟವನ್ನೂ ಬಿಟ್ಟು ಎರಡೂ ಕಡೆ ನಷ್ಟ ಆಗುತ್ತಿತ್ತು.

ಒಂದೇ ಒಂದು ಕಡೆ ಮಾತ್ರ ಆರೂ ಜನ ಮೇಜಿಗೆ ಕೂತು ಊಟ ಮಾಡಿ ಅಂತ ಒತ್ತಾಯ ಮಾಡುತ್ತೇನೆ. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಅನ್ನುವ ಹೋಟೆಲ್‌ನ ಕಿಡಾನಿ ವಿಲೇಜ್‌ನಲ್ಲಿ ಸನಾ ಅಂತ ರೆಸ್ಟೋರೆಂಟ್. ಆಫ್ರಿಕಾದ ಅಡುಗೆಗೆ ನಮ್ಮ ಕಡೆಯ ಮಸಾಲೆ. ಪಾರ್ಕ್ ಟಿಕೆಟ್ ಬೇಕಿಲ್ಲ. ಮಧ್ಯಾಹ್ನ ಹೋಗು, ಕಿಟಕಿಯಾಚೆ ಹುಲ್ಲುಗಾವಲಿನಲ್ಲಿ ಜಿರಾಫೆ, ಜೀಬ್ರಾ ಓಡಾಡುತ್ತಿರುತ್ತವೆ. ಅಲ್ಲಿ ಬ್ರೆಡ್ ಸರ್ವೀಸ್ ಅಂತ ಒಂದು ಕೊಡುತ್ತಾರೆ. ನಾನ್, ಪರಾಠಾ ಎಲ್ಲಾ ಸೇರಿ ಐದು ಬಗೆ, ನೆಂಚಿಕೊಳ್ಳಲು ಮಾವಿನ ಚಟ್ನಿ, ಹುಣಸೆ ಚಟ್ನಿ, ಸೌತೆಕಾಯಿ ರಾಯ್ತ, ಬೆಳ್ಳುಳ್ಳಿ ಉಪ್ಪಿನಕಾಯಿ ಅಂತ ಪುಟ್ಟ ಪುಟ್ಟ ಬಟ್ಟಲಲ್ಲಿ ಒಂಬತ್ತು. ನಮ್ಮಮ್ಮ ಊರು ಬಿಟ್ಟ ಮೇಲೆ ಮೊದಲ ಸಲ ಬೆರಳು ನೆಕ್ಕಿದ್ದು ಅಲ್ಲೇ. ತಮಾಷೆ ಏನಂದರೆ ಅದು ಮೆನುವಿನಲ್ಲಿ ಸ್ಟಾರ್ಟರ್ ಸಾಲಿನಲ್ಲಿದೆ, ಪ್ಲಾನ್‌ನಲ್ಲಿ ಸ್ಟಾರ್ಟರ್ ಸೇರಿಲ್ಲ. ಎರಡೂವರೆ ಸಾವಿರ ಕಟ್ಟಿದ್ದರೂ ಇದಕ್ಕೆ ಬೇರೆ ಕಾಸು ಬಿಚ್ಚಬೇಕಿತ್ತು. ಎರಡು ಸೆಟ್ ಹೇಳು, ಆರು ಜನಕ್ಕೆ ಅರ್ಧ ಊಟ ಅದರಲ್ಲೇ ಆಗುತ್ತದೆ.

ನಿಮ್ಮಮ್ಮ ಮೊಟ್ಟೆ ಮುಟ್ಟಲ್ಲ ಅಂತ ನೀನು ಅಂದಿದ್ದೆ ಅಲ್ವಾ. ಬುಕ್ ಮಾಡುವಾಗಲೇ ತಿಳಿಸು, ಅಲ್ಲಿ ಹೋದ ಮೇಲೂ ಬಡಿಸುವವರಿಗೆ ಹೇಳು. ಕೇಳಿಕೊಂಡರೆ ಷೆಫ್ ಮೇಜಿಗೇ ಬಂದು ಯಾವುದರಲ್ಲಿ ಏನಿದೆ ಅಂತ ಹೇಳುತ್ತಾರೆ. ಹೋಗುವ ತಾರೀಕು ಗೊತ್ತಾದ ದಿನವೇ ಕ್ಯಾಲೆಂಡರ್‌ನಲ್ಲಿ 60 ದಿನ ಹಿಂದಕ್ಕೆ ಎಣಿಸಿ ಗುರುತು ಹಾಕು. ಡಿಸ್ನಿ ಹೋಟೆಲ್‌ನಲ್ಲಿ ಇಳಿಯುವವರಿಗೆ ಅವತ್ತೇ ಇಡೀ ಟ್ರಿಪ್‌ನ ಬುಕಿಂಗ್ ತೆಗೆಯಲು ಬಿಡುತ್ತಾರೆ. ಸನಾ, ಷೆಫ್ ಮಿಕ್ಕೀಸ್ ಎರಡೂ ಒಟ್ಟಿಗೆ ಮುಗಿಸು. ಬುಕಿಂಗ್ ಹಿಡಿಯಲು ಬೆಳಗ್ಗೆ ಬೇಗ ಏಳುವುದು ನಿನಗೆ ಆಗದ ಮಾತು, ತಾರೀಕು ಕಳಿಸಿದರೆ ನಾನೇ ಫೋನ್ ಮಾಡಿ ಎಬ್ಬಿಸುತ್ತೇನೆ.

ನಿನ್ನ
ಹಳೇ ರೂಮ್‌ಮೇಟ್